ಮೂರು ಕಿಲೋಹರ್ಟ್ಸ್ ಜಾಗ

ಮಿಲ್ಲಿನ ಸ್ಪಿನ್ನಿಂಗ್ ಖಾತೆಯಲ್ಲಿ ಹತ್ತೊಂಬತ್ತು ವರ್ಷ
ಕೂಗಿಯೇ ಮಾತಾಡಿದವನು ನಾನು.
ಗಂಟೆ ಎಷ್ಟಾಯಿತೆಂದು ಕೇಳುವುದಕ್ಕೂ
ಕತ್ತಿನ ನರ ಉಬ್ಬಬೇಕಿತ್ತು ಅಲ್ಲಿ.
ಮಿಲ್ಲು ಮುಚ್ಚಿತು. ಚಿಮಣಿ ಉಳಿಯಿತು, ಅದರ ಬಿರುಕಲ್ಲೊಂದು ಅರಳಿಗಿಡ.
ಗಂಟಲಿಗೆ ಮಾತ್ರ ಯಾರೂ ನೋಟೀಸು ಕೊಡಲಿಲ್ಲ.

ಆ ಗಂಟಲನ್ನೇ ಹೊತ್ತು ಹ್ಯಾಮ್ ಆದೆ.
ನಿಟ್ಟುವಳ್ಳಿಯ ತಾರಸಿ ಮೇಲೆ
ಎರಡು ಬಿದಿರು, ನಡುವೆ ತಾಮ್ರದ ತಂತಿ,
ಕೆಳಗೆ ಮೆಟ್ಟಿಲ ಸಂದಿಯಲ್ಲಿ ನಾನೇ ಬೆಸೆದ ಸೆಟ್ಟು.
ನಲವತ್ತು ಮೀಟರಿನಲ್ಲಿ ಬೆಳಗಿನ ಆರಕ್ಕೆ
ಗದಗ, ಸೊಲ್ಲಾಪುರ, ಹೊಸೂರು ಅನ್ನುತ್ತಿದ್ದವು:
"ಬಕ್ಕೇಶಪ್ಪಾರೇ, ಸಿಗ್ನಲ್ ಅಂದ್ರೆ ನಿಮ್ದು!"
ಮುಳ್ಳು ಕೊನೆಗೆ ತಾಗಿ ನಡುಗುತ್ತಿತ್ತು,
ನನ್ನ ಮೀಸೆಯೂ.

ದುರ್ಗದ ತಿಪ್ಪೇರುದ್ರಪ್ಪ ಮಾತ್ರ ಹೊಗಳಲಿಲ್ಲ.
ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಪಳಗಿದ ಕಿವಿ.
"ಬಕ್ಕೇಶಾ, ಒಂದು ದನಿಗೆ ಬೇಕಾದ ಸೈಟು
ಮೂರು ಕಿಲೋಹರ್ಟ್ಸ್ ಅಗಲ.
ನೀನು ಆ ಕಡೆ ನಾಲ್ಕು, ಈ ಕಡೆ ನಾಲ್ಕು ಒತ್ತಿಕೊಂಡು
ಕಾಂಪೌಂಡು ಕಟ್ಟೀಯ.
ಪಕ್ಕದಾಗೆ ಯಾರೋ ಇದ್ದಂಗೈತೆ ಕಣಪ್ಪ,
ನೀನು ಬಾಯಿ ತೆಗೆದ್ರೆ ಬರೀ ಪಚಪಚ,
ಮುಚ್ಚಿದ್ರೆ ಒಂದು ಹುಡುಗಿ."

ಸಿಟ್ಟು ಬಂತು. ಮೂರು ದಿನ ಸ್ವಿಚ್ಚು ಹಾಕಲಿಲ್ಲ.
ನಾಲ್ಕನೆಯ ದಿನ ಅವರೇ ಕೆಂಪು ಬಸ್ಸಲ್ಲಿ ಬಂದರು,
ತೊಡೆಯ ಮೇಲೆ ಮಗುವಿನ ಹಾಗೆ ಆಸಿಲೋಸ್ಕೋಪು.

ಆಂಟೆನಾ ಕಿತ್ತು,
ಎಣ್ಣೆಡಬ್ಬಿಯಲ್ಲಿ ಮುಳುಗಿಸಿದ ರೆಸಿಸ್ಟರಿಗೆ ಸೆಟ್ಟು ಕಟ್ಟಿ
ಎರಡು ಶಿಳ್ಳೆ ಒಳಗೆ ಬಿಟ್ಟರು, ಒಂದು ದಪ್ಪ, ಒಂದು ಸಣ್ಣ.
ಪರದೆಯ ಮೇಲೆ ಹಸಿರು ಮಣಿಸರ ಬರಬೇಕಿತ್ತು, ದುಂಡಗೆ.
ಬಂದದ್ದು
ಕ್ವಾರಿಯವರು ತಲೆ ಸವರಿದ ಗುಡ್ಡಗಳು.
"ನೋಡು, ಹಾಕಿದ್ದು ಎರಡು ಸ್ವರ, ಹೊರಗೆ ಹೋಗ್ತಿರೋದು ಆರು.
ಮಿಕ್ಕ ನಾಲ್ಕು ಯಾರ ಮನೆ ಮಕ್ಕಳಪ್ಪಾ?"

ಮೈಕಿನ ಗುಂಡಿ ಎಂಟರಲ್ಲಿತ್ತು, ಮೂರಕ್ಕೆ ಇಳಿಸಿದರು.
ಗುಡ್ಡಗಳಿಗೆ ತುದಿ ಬಂತು. ಆದರೂ
ಉಬ್ಬು ಉಬ್ಬು ಕೂಡುವ ಕಡೆ ಗೆರೆ ಎಡವುತ್ತಿತ್ತು.
ಸ್ಕ್ರೂಡ್ರೈವರಿನ ತುದಿಯಲ್ಲಿ ಬಯಾಸ್ ತಿರುಗಿಸಿದರು,
ಸಾಸಿವೆಯಷ್ಟು, ಮತ್ತೆ ಸಾಸಿವೆಯಷ್ಟು.
"ಮಾತಿಲ್ಲದಾಗ ಇದನ್ನ ಪೂರ್ತಿ ಮಲಗಿಸಿಬಿಟ್ಟಿದೀಯ.
ಗಾಢ ಮಲಗಿದೋನು ಕರೆದ ಕೂಡ್ಲೆ ಎದ್ರೆ ತೊದಲ್ತಾನೆ.
ಸುಮ್ಮನಿದ್ದಾಗಲೂ ಒಳಗೆ ಚೂರು ಬಿಸಿ ಇರಬೇಕು."
ಹೀಟ್‌ಸಿಂಕಿನ ಮೇಲೆ ನನ್ನ ಬೆರಳು ಹಿಡಿದಿಟ್ಟರು:
ಹಾಲಿಗೆ ಹೆಪ್ಪು ಹಾಕುವಷ್ಟು ಬಿಸಿ.

ನೂರು ಅನ್ನುತ್ತಿದ್ದ ಮೀಟರು ಅರವತ್ತಕ್ಕೆ ನಿಂತಿತು.
ಆಸ್ತಿ ಬರೆದುಕೊಟ್ಟವನ ಹಾಗೆ ಕೂತೆ.
"ನಲವತ್ತು ಕಮ್ಮಿ ಆತಾ?" ಒಳಗಿಂದ ಸರ್ವಮಂಗಳ,
"ನಮಗೇನೂ ಗೊತ್ತಾಗ್ಲಿಲ್ಲ ಬಿಡ್ರಿ."

ಮಾರನೆಯ ಬೆಳಗ್ಗೆ ಬಾಯಿ ತೆಗೆಯದೆ ಬರೀ ಕೇಳಿದೆ.
ನನ್ನ ಪಕ್ಕದ ಜಾಗದಲ್ಲಿ, ಚಳ್ಳಕೆರೆಯಿಂದ,
ಪಾಲಿಟೆಕ್ನಿಕ್ಕಿನ ರಿಹಾನಾ, ಐದು ವ್ಯಾಟು,
ಬಾವಿಯ ತಳದ ನಾಣ್ಯದ ಹಾಗೆ ಕಂಡೂ ಕಾಣದ ದನಿ.
ಹೊಸೂರಿನವರಿಗೆ ಹೇಳುತ್ತಿದ್ದಳು:
"ಎಂಟು ತಿಂಗಳಿಂದ ಕರೀತಿದೀನಿ ಸರ್, ಸಿಕ್ಕಿದ್ದು ನೀವೇ ಮೊದಲು.
ಈ ಹೊತ್ತಿಗೆ ದಿನಾ ಯಾವುದೋ ಟ್ರಾನ್ಸ್‌ಫಾರ್ಮರ್ ಗಲಾಟೆ.
ಇವತ್ತಿಲ್ಲ. ಬೆಸ್ಕಾಂನವರು ಸರಿ ಮಾಡಿರಬೇಕು."

ಹೇಳಲಿಲ್ಲ ಆ ಟ್ರಾನ್ಸ್‌ಫಾರ್ಮರಿನ ವಿಳಾಸ.
ಇಪ್ಪತ್ತು ನಿಮಿಷ ಅವಳ ಮಾತು ಮುಗಿಯುವ ತನಕ
ಕಾಫಿ ಆರಿತು.

ನನ್ನ ಸರದಿ ಬಂದಾಗ ಗದಗ ಅಂದಿತು:
"ಯಾರದು? ಕೇಳವಲ್ದು, ಸ್ವಲ್ಪ ಜೋರಾಗಿ!"
ಕೈ ಗುಂಡಿಯ ತನಕ ಹೋಯಿತು.
ಹೋಗಿ, ಅದರ ಮೇಲಿನ ಧೂಳು ಒರೆಸಿಕೊಂಡು ಬಂತು.
ಮೈಕನ್ನು ಒಂದು ಗೇಣು ದೂರ ಹಿಡಿದು
ಹೆಸರು ಮತ್ತೆ ಹೇಳಿದೆ, ಒಂದೊಂದೇ ಅಕ್ಷರ:
ಬತ್ತಿಯ ಬ.
ಅಕ್ಕನ ಕ್ಕ, ಅದಕ್ಕೊಂದು ಏತ್ವ, ದೀರ್ಘ.
ಶಂಖದ ಶ.